ಶಕ್ತಿತಸ್ತಪ : ನೋಂಪಿಯ ಉಪವಾಸವೂ ದೇಹದ ಆರೋಗ್ಯವೂ

ಶ್ರೀ ವೀತರಾಗಾಯ ನಮಃ



ಭಾದ್ರಪದ ಮಾಸವು ಸಮೀಪಿಸಿತೆಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಜೈನ ಗೃಹಗಳಲ್ಲಿ ಒಂದು ಬಗೆಯ ಪವಿತ್ರವಾದ ಸಡಗರವು ತೋರಿಬರುತ್ತದೆ. ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ಹತ್ತು ದಿನಗಳು ದಶಲಕ್ಷಣ ಪರ್ವ. ಅದರ ಕೊನೆಯ ದಿನವೇ ಅನಂತ ಚತುರ್ದಶಿ. ಮಧುಗಿರಿಯ ಬೆಟ್ಟದ ಬುಡದಲ್ಲಿರುವ ಮಲ್ಲಿನಾಥ ಸ್ವಾಮಿಯ ಬಸದಿಗೆ ದೂರದ ಹಳ್ಳಿಗಳಲ್ಲಿ ಒಂದೆರಡು ಮನೆಗಳಾಗಿ ಚದುರಿರುವ ಶ್ರಾವಕರೂ ಬಂದು ಸೇರುವರು. ಈ ಸೀಮೆಯ ಜಿನಭಕ್ತಿಯು ಇಂದು ನಿನ್ನೆಯದಲ್ಲ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದ ಮೇಲೆ, ಇರುಂಗೋಳ ದೇವನ ಆಳ್ವಿಕೆಯಲ್ಲಿ, 1232ರಲ್ಲಿ ಗಂಗೇಯನ ಮಾರೆಯನೆಂಬ ಭವ್ಯನು ಪಾರ್ಶ್ವಜಿನೇಶ್ವರನ ಬಸದಿಯನ್ನು ಕಟ್ಟಿಸಿದುದನ್ನು ಅಲ್ಲಿಯ ಶಾಸನವು ಸಾರುತ್ತಿದೆ. ಅಂದಿನಿಂದ ಇಂದಿನವರೆಗೆ ಈ ಒಣನಾಡಿನಲ್ಲಿ ಎಷ್ಟು ಮಂದಿ ತಾಯಂದಿರು ನೋಂಪಿಗಳನ್ನು ನೋಂತರೋ, ಎಷ್ಟು ಉದ್ಯಾಪನೆಗಳು ನಡೆದವೋ ಎಣಿಸಿದವರಾರು?

ಪರ್ವಕ್ಕೆ ಮುಂಚೆ ಎರಡು ಬಗೆಯ ಜನರು ಎರಡು ಬಗೆಯ ಮಾತುಗಳನ್ನು ಆಡುವುದನ್ನು ಕೇಳುತ್ತೇವೆ. ಕಲಿತ ತರುಣರು, “ಉಪವಾಸದಿಂದ ಮೈ ಹಗುರಾಗುತ್ತದೆ, ಕೊಬ್ಬು ಕರಗುತ್ತದೆ, ರೋಗಗಳು ದೂರವಾಗುತ್ತವೆ, ಆದುದರಿಂದ ನಾವೂ ಉಪವಾಸ ಮಾಡುವೆವು” ಎನ್ನುತ್ತಾರೆ. ವಯಸ್ಸಾದವರು, “ದೇಹಕ್ಕೆ ಏನಾದರಾಗಲಿ, ಹಿಡಿದ ನೋಂಪಿಯನ್ನು ಬಿಡಲಾರೆವು” ಎನ್ನುತ್ತಾರೆ. ಮೊದಲಿನವರಿಗೆ ದೇಹವೇ ಗುರಿ. ಎರಡನೆಯವರಿಗೆ ದೇಹವು ಲೆಕ್ಕಕ್ಕೇ ಇಲ್ಲ. ಜಿನಾಗಮದ ಮಾರ್ಗವು ಈ ಎರಡರ ನಡುವೆ ಇರುವುದೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ಕಾರಣವಾದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ನನ್ನ ಅತ್ತಿಗೆಯವರು ಅನಂತ ನೋಂಪಿಯ ಉಪವಾಸವನ್ನು ಕೈಕೊಂಡರು. ಅವರಿಗೆ ಮಧುಮೇಹವಿದ್ದು, ನಿತ್ಯವೂ ಮಾತ್ರೆ ನುಂಗುತ್ತಿದ್ದರು. “ಮಾತ್ರೆ ತಪ್ಪಬಾರದು” ಎಂದು ವೈದ್ಯರು ಹೇಳಿದ್ದ ಮಾತು ನೆನಪಿನಲ್ಲಿತ್ತು. “ಊಟವೂ ತಪ್ಪಬಾರದು” ಎಂಬುದು ನೆನಪಿನಲ್ಲಿರಲಿಲ್ಲ. ಪರ್ವದ ದಿನ ಬೆಳಗ್ಗೆ ಮಾತ್ರೆಯನ್ನು ಎಂದಿನಂತೆ ನುಂಗಿ, ಬರಿಯ ಹೊಟ್ಟೆಯಲ್ಲಿ ಅಭಿಷೇಕಕ್ಕೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಕ, ಅಸಂಬದ್ಧವಾದ ಮಾತು. ಸುತ್ತ ಕುಳಿತಿದ್ದ ನಾವು ಅದನ್ನು ಆಯಾಸವೆಂದು ತಿಳಿದೆವು. ಒಬ್ಬಿಬ್ಬರು ಭಕ್ತಿಯ ಪರವಶತೆಯೆಂದೂ ಭಾವಿಸಿದರು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆರೆಮನೆಯ ಹುಡುಗನೊಬ್ಬನು ಕಂಡವನೇ ಓಡಿಹೋಗಿ ಸಕ್ಕರೆಯ ನೀರನ್ನು ತಂದು ಕುಡಿಸಿದನು. ಕಾಲು ಗಂಟೆಯಲ್ಲಿ ಅವರಿಗೆ ಎಚ್ಚರ ತಿಳಿಯಿತು. ಎಚ್ಚರವಾದ ಮೇಲೆ ಪ್ರಾಣ ಉಳಿಯಿತೆಂದು ಅವರು ಸಂತೋಷಪಡಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಂಜೆ ನನ್ನನ್ನು ಕರೆದು, “ನೀನು ಶಾಸ್ತ್ರ ಓದಿದವನಪ್ಪ, ಹೇಳು, ನನ್ನ ನೋಂಪಿ ಕೆಟ್ಟಿತೆ?” ಎಂದು ಕೇಳಿದರು. ಅಂದು ನಾನು ಸಮಾಧಾನದ ನಾಲ್ಕು ಮಾತುಗಳನ್ನಾಡಿದೆನೇ ಹೊರತು ಉತ್ತರವನ್ನು ಹೇಳಲಿಲ್ಲ. ಆ ಉತ್ತರವನ್ನು ಇಂದು ಹೇಳಬೇಕಾಗಿದೆ. ಅದಕ್ಕೆ ಮೊದಲು ಉಪವಾಸವೆಂದರೇನೆಂಬುದನ್ನು ವಿಚಾರಿಸೋಣ.

‘ಉಪ’ ಎಂದರೆ ಸಮೀಪ, ‘ವಾಸ’ ಎಂದರೆ ಇರುವಿಕೆ. ಇಂದ್ರಿಯಗಳು ತಮ್ಮ ವಿಷಯಗಳ ಕಡೆಗೆ ಓಡುವುದನ್ನು ಬಿಟ್ಟು ಆತ್ಮನ ಸಮೀಪದಲ್ಲಿ ನೆಲಸುವುದೇ ಉಪವಾಸ. ಬರಿಯ ಹೊಟ್ಟೆಯನ್ನು ಖಾಲಿ ಇಡುವುದಕ್ಕೆ ವೈದ್ಯಶಾಸ್ತ್ರದಲ್ಲಿ ಲಂಘನವೆಂದು ಹೆಸರು. ಅದು ಚಿಕಿತ್ಸೆಯೇ ಹೊರತು ವ್ರತವಲ್ಲ. ಅನ್ನವು ದೊರೆಯದೆ ಹೊಟ್ಟೆ ಖಾಲಿ ಇರುವುದಕ್ಕೆ ಹಸಿವೆಂದು ಹೆಸರು. ಅದು ಚಿಕಿತ್ಸೆಯೂ ಅಲ್ಲ, ವ್ರತವೂ ಅಲ್ಲ. ಬರಗಾಲದ ಈ ಸೀಮೆಯವರಿಗೆ ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಡಿದ ಧಾತು ಸಂವತ್ಸರದ ಕ್ಷಾಮದಲ್ಲಿ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ಅಳಿದುಹೋಯಿತು. ಅಂದು ಉಣ್ಣದೆ ಸತ್ತವರು ತಪಸ್ವಿಗಳಲ್ಲ, ದುಃಖಿಗಳು. ಮುಂದಿರುವ ಅನ್ನವನ್ನು ಅರಿತು, ಮನಃಪೂರ್ವಕವಾಗಿ, ಕಾಲದ ಮಿತಿಯನ್ನು ನಿಶ್ಚಯಿಸಿಕೊಂಡು, ಸ್ವಾಧ್ಯಾಯ ಧ್ಯಾನಗಳಿಗಾಗಿ ಬಿಡುವುದು ಮಾತ್ರವೇ ಉಪವಾಸವೆನಿಸುವುದು.

ಗೃಹಸ್ಥರ ಉಪವಾಸದ ಕ್ರಮವನ್ನು ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾದ ಪ್ರೋಷಧೋಪವಾಸದ ಸಂದರ್ಭದಲ್ಲಿ ಹೇಳಿರುವರು. ಅಷ್ಟಮಿ ಚತುರ್ದಶಿಗಳಲ್ಲಿ ಅಶನ, ಪಾನ, ಖಾದ್ಯ, ಲೇಹ್ಯವೆಂಬ ನಾಲ್ಕು ವಿಧವಾದ ಆಹಾರವನ್ನೂ ತ್ಯಜಿಸುವುದು ಉಪವಾಸ. ಒಂದು ಹೊತ್ತು ಮಾತ್ರ ಉಣ್ಣುವುದು ಪ್ರೋಷಧ. ಉಪವಾಸದ ಹಿಂದಿನ ದಿನ ಏಕಭುಕ್ತ, ಮರುದಿನ ಪಾರಣೆಯಲ್ಲಿಯೂ ಏಕಭುಕ್ತ. ಹೀಗೆ ಹದಿನಾರು ಪ್ರಹರಗಳ, ಅಂದರೆ ಸುಮಾರು 48 ಗಂಟೆಗಳ ವ್ರತವಿದು. ಇದರ ರಚನೆಯನ್ನು ಗಮನಿಸಿರಿ. ಉಪವಾಸದೊಳಕ್ಕೆ ಮೆಟ್ಟಿಲು ಇಳಿಯುವಂತೆ ಇಳಿದು, ಮೆಟ್ಟಿಲು ಹತ್ತುವಂತೆ ಹೊರಬರಬೇಕೆಂಬುದೇ ಇದರ ಮರ್ಮ. ಹಿಂದಿನ ರಾತ್ರಿ ಹೊಟ್ಟೆ ಬಿರಿಯುವಂತೆ ಉಂಡು, ಮರುದಿನ ಬೆಳಗಾಗುತ್ತಲೇ ಹೋಳಿಗೆಗೆ ಕೈಹಾಕುವವನ ಉಪವಾಸವು ಶಾಸ್ತ್ರಕ್ಕೂ ಸಮ್ಮತವಲ್ಲ, ದೇಹಕ್ಕೂ ಹಿತವಲ್ಲ.

ಶಾಸ್ತ್ರವು ಎಲ್ಲರ ಮೇಲೆ ಒಂದೇ ಹೊರೆಯನ್ನು ಹೊರಿಸಿಲ್ಲ. ವಸುನಂದಿ ಆಚಾರ್ಯರ ಶ್ರಾವಕಾಚಾರದಲ್ಲಿ ಪ್ರೋಷಧವನ್ನು ಉತ್ತಮ, ಮಧ್ಯಮ, ಜಘನ್ಯವೆಂದು ಮೂರು ವಿಧವಾಗಿ ವಿಂಗಡಿಸಲಾಗಿದೆ. ನಾಲ್ಕು ಆಹಾರಗಳನ್ನೂ ಬಿಡುವುದು ಉತ್ತಮ. ನೀರನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಡುವುದು ಮಧ್ಯಮ. ಏಕಭುಕ್ತವೋ ರಸವಿಲ್ಲದ ಸರಳ ಆಹಾರವೋ ಜಘನ್ಯ. ಜಘನ್ಯವೆಂಬ ಹೆಸರನ್ನು ಕೇಳಿ ಅದು ಹೀನವಾದುದೆಂದು ನಮ್ಮ ತಾಯಂದಿರು ತಿಳಿಯುತ್ತಾರೆ. ಹಾಗಲ್ಲ. ಅದೂ ಪ್ರೋಷಧವೇ, ಅದೂ ವ್ರತವೇ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಭಾವನೆಗೆ ಬರಿಯ ತಪವೆಂದು ಹೆಸರಿಡದೆ ‘ಶಕ್ತಿತಸ್ತಪ’ವೆಂದು, ಶಕ್ತಿಗೆ ತಕ್ಕ ತಪಸ್ಸೆಂದು ಹೆಸರಿಟ್ಟಿರುವರು. ತ್ಯಾಗಕ್ಕೂ ‘ಶಕ್ತಿತಸ್ತ್ಯಾಗ’ವೆಂದೇ ಹೆಸರು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತಾ, ತನ್ನ ವೀರ್ಯವನ್ನು ಮರೆಮಾಚದೆ, ಆದರೆ ಮಾರ್ಗಕ್ಕೆ ವಿರೋಧವಾಗದಂತೆ ಕಾಯವನ್ನು ದಂಡಿಸುವುದೇ ಈ ತಪವೆಂಬ ಅರ್ಥದಲ್ಲಿ ಹೇಳಿರುವರು. ಶಕ್ತಿಯಿದ್ದೂ ಇಲ್ಲವೆನ್ನುವುದು ಒಂದು ದೋಷ. ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸುವುದು ಮತ್ತೊಂದು ದೋಷ.

ಈಗ ತರುಣರ ಮಾತಿಗೆ ಬರೋಣ. ಆರೋಗ್ಯಕ್ಕಾಗಿ ಉಪವಾಸ ಮಾಡಬಹುದೇ? ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಬಾಹ್ಯತಪಗಳನ್ನು ಆರಾಗಿ ಎಣಿಸಿರುವರು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಮೊದಲನೆಯ ಎರಡಕ್ಕೂ ಇರುವ ಭೇದವನ್ನು ಪೂಜ್ಯಪಾದರು ಸೂಕ್ಷ್ಮವಾಗಿ ತೋರಿಸಿಕೊಟ್ಟಿರುವರು. ಅನಶನವು ಕಣ್ಣಿಗೆ ಕಾಣುವ ಯಾವ ಫಲವನ್ನೂ ಅಪೇಕ್ಷಿಸದೆ, ಸಂಯಮಸಿದ್ಧಿ, ರಾಗದ ನಾಶ, ಕರ್ಮದ ನಾಶಗಳಿಗಾಗಿ ಮಾಡತಕ್ಕದ್ದು. ಅವಮೌದರ್ಯವಾದರೋ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದಾದರೋ, ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯ ಇವುಗಳು ಸುಖವಾಗಿ ಸಿದ್ಧಿಸುವುದಕ್ಕಾಗಿ ಹೇಳಲ್ಪಟ್ಟಿದೆ. ದೋಷಶಮನವೆಂಬ ಮಾತು ಅನಶನದಲ್ಲಿ ಬಾರದೆ ಅವಮೌದರ್ಯದಲ್ಲಿ ಬಂದಿರುವುದನ್ನು ಗಮನಿಸಬೇಕು. ಆರೋಗ್ಯವನ್ನು ಬಯಸುವವನಿಗೆ ಆಚಾರ್ಯರು ತೋರಿಸಿರುವ ಬಾಗಿಲು ಇದೇ.

ನಿದಾನವೆಂಬುದು ಮೂರು ಶಲ್ಯಗಳಲ್ಲಿ ಒಂದು. ತಪಸ್ಸಿಗೆ ಪ್ರತಿಫಲವಾಗಿ ಭೋಗವನ್ನೋ ರೂಪವನ್ನೋ ಬೇಡುವುದು ಕಾಲಿಗೆ ಮುರಿದುಕೊಂಡ ಮುಳ್ಳಿನಂತೆ ವ್ರತದೊಳಗೆ ನೋಯಿಸುತ್ತಿರುವುದು. ತೂಕ ಇಳಿಸುವುದಕ್ಕೆಂದು ಅನಂತ ನೋಂಪಿಯನ್ನು ಹಿಡಿಯುವವನು ಮುತ್ತನ್ನು ಕೊಟ್ಟು ಹುಣಿಸೆಬೀಜವನ್ನು ಕೊಂಡಂತಾಗುತ್ತದೆ. ವ್ರತವನ್ನು ವ್ರತಕ್ಕಾಗಿ ಮಾಡಿದಾಗ ದೇಹಕ್ಕೆ ಲಾಭವೂ ಜೊತೆಗೆ ಬಂದರೆ ಅದು ದೋಷವಲ್ಲ; ರಾಗಿಯನ್ನು ಬಿತ್ತಿದವನಿಗೆ ಹುಲ್ಲೂ ದೊರೆಯುವಂತೆ ಅದು. ಆದರೆ ಹುಲ್ಲಿಗಾಗಿಯೇ ಯಾರೂ ರಾಗಿ ಬಿತ್ತುವುದಿಲ್ಲ.

ಹಾಗಾದರೆ ದೇಹಕ್ಕೆ ಆಗುವ ಲಾಭವೆಂತಹುದು? ಆಹಾರವು ನಿಂತಾಗ ದೇಹದೊಳಗೆ ನಡೆಯುವುದನ್ನು ನಮ್ಮ ರೈತರ ಮನೆಯ ಉಪಮೆಯಿಂದ ತಿಳಿಯಬಹುದು. ಮನೆಯಲ್ಲಿ ದಿನವೆಚ್ಚದ ರಾಗಿಯು ವಾಡೆಯಲ್ಲಿರುತ್ತದೆ. ವರ್ಷದ ರಾಗಿಯು ನೆಲದೊಳಗಿನ ಹಗೇವಿನಲ್ಲಿರುತ್ತದೆ. ಹಾಗೆಯೇ ದೇಹವು ಮೊದಲು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ತೆಗೆಯುತ್ತದೆ. ಸುಮಾರು ಒಂದು ಹಗಲು ಒಂದು ಇರುಳಿನಲ್ಲಿ ಈ ವಾಡೆಯು ಬಹುಮಟ್ಟಿಗೆ ಬರಿದಾಗುತ್ತದೆ. ಅನಂತರ ಕೊಬ್ಬೆಂಬ ಹಗೇವನ್ನು ತೆರೆಯುತ್ತದೆ. ಕೊಬ್ಬಿನಿಂದ ಕೀಟೋನ್ ಎಂಬ ವಸ್ತುಗಳುಂಟಾಗಿ ಮೆದುಳಿಗೂ ಇಂಧನವಾಗುತ್ತವೆ. ಹಗೇವು ತೆರೆದ ಮೇಲೂ ಬರವು ಮುಂದುವರಿದರೆ ರೈತನು ಉಳುವ ಎತ್ತನ್ನೇ ಮಾರಿಕೊಳ್ಳುವಂತೆ, ಉಪವಾಸವು ದೀರ್ಘವಾದಂತೆ ದೇಹವು ತನ್ನ ಮಾಂಸಖಂಡಗಳನ್ನೇ ವೆಚ್ಚ ಮಾಡುತ್ತ ಹೋಗುತ್ತದೆ. ಮೊದಲನೆಯದು ವಿಶ್ರಾಂತಿ, ಎರಡನೆಯದು ಶೋಧನೆ, ಮೂರನೆಯದು ನಷ್ಟ. ಯಾವ ದೇಹಕ್ಕೆ ಯಾವ ದಿನ ಎರಡನೆಯದು ಮುಗಿದು ಮೂರನೆಯದು ಹೆಚ್ಚುವುದೆಂಬುದು ಅದರ ವಯಸ್ಸು, ತೂಕ, ರೋಗಗಳಿಗೆ ತಕ್ಕಂತೆ ಬೇರೆ ಬೇರೆಯಾಗಿರುತ್ತದೆ.

ಮಿತವಾದ ಉಪವಾಸದಿಂದ ಸ್ಥೂಲಕಾಯರ ತೂಕ, ರಕ್ತದೊತ್ತಡ, ರಕ್ತದಲ್ಲಿಯ ಸಕ್ಕರೆ ಇವುಗಳು ಇಳಿಯುವುದನ್ನು ವೈದ್ಯರು ಕಂಡಿರುವರು. ಜೀವಕೋಶವು ತನ್ನೊಳಗಿನ ಜೀರ್ಣವಾದ ಭಾಗಗಳನ್ನು ತಾನೇ ಅರಗಿಸಿಕೊಂಡು ಮರುಬಳಕೆ ಮಾಡುವ ಕ್ರಿಯೆಯ ರಹಸ್ಯವನ್ನು ಯೀಸ್ಟ್ ಕೋಶಗಳಲ್ಲಿ ಶೋಧಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆಹಾರದ ಕೊರತೆಯು ಈ ಕ್ರಿಯೆಯನ್ನು ಪ್ರಚೋದಿಸುತ್ತದೆಂಬುದು ದಿಟ. ಆದರೆ ಇಷ್ಟನ್ನು ಹಿಡಿದು, ಉಪವಾಸದಿಂದ ಕ್ಯಾನ್ಸರ್ ಮೊದಲಾದ ಸಕಲ ರೋಗಗಳೂ ಹೋಗುವುವೆಂದು ಸಾರುವುದು ಅಸತ್ಯವಚನ. ಸತ್ಯಾಣುವ್ರತವನ್ನು ಹಿಡಿದವರು ಇಂತಹ ಮಾತನ್ನು ಹೇಳಲೂ ಬಾರದು, ಹರಡಲೂ ಬಾರದು.

ಮತ್ತೊಂದು ಸಂಗತಿಯು ನಮಗೆ ಸಂತೋಷವನ್ನುಂಟುಮಾಡತಕ್ಕದ್ದು. ದಿನದ ಊಟವನ್ನು ಹಗಲಿನ ಎಂಟು ಗಂಟೆಗಳೊಳಗೆ ಮುಗಿಸಿ ಉಳಿದ ಹೊತ್ತು ನಿರಾಹಾರವಾಗಿರುವ ಪದ್ಧತಿಯು ಈಗ ದೇಶವಿದೇಶಗಳಲ್ಲಿ ಬಳಕೆಗೆ ಬಂದಿದೆ. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಜೈನರಿಗೆ ಇದು ಹೊಸತೇನೂ ಅಲ್ಲ. ಆದರೆ ಚೀನಾದ ಗುವಾಂಗ್‌ಝೌ ನಗರದಲ್ಲಿ ಸ್ಥೂಲಕಾಯರಾದ 139 ಮಂದಿಯ ಮೇಲೆ ಒಂದು ವರ್ಷ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಿತವಾಗಿ ಉಂಡ ಎರಡು ಗುಂಪಿನವರ ತೂಕವೂ ಇಳಿಯಿತು. ಹೊತ್ತನ್ನು ಮಿತಗೊಳಿಸಿದವರಿಗೂ, ಹೊತ್ತಿನ ಮಿತಿಯಿಲ್ಲದೆ ಅಷ್ಟೇ ಪ್ರಮಾಣವನ್ನು ಉಂಡವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವು ಕಂಡುಬರಲಿಲ್ಲ. ಅಂದರೆ ತೂಕದ ಮಟ್ಟಿಗೆ ಲಾಭವು ಮುಖ್ಯವಾಗಿ ಬಂದುದು ಕಡಿಮೆ ಉಂಡುದರಿಂದ. ಅವಮೌದರ್ಯದಲ್ಲಿ ದೋಷಶಮನವಿದೆಯೆಂದು ಪೂಜ್ಯಪಾದರು ಹೇಳಿದುದೂ ಇದನ್ನೇ ಅಲ್ಲವೆ? ರಾತ್ರಿಭೋಜನವನ್ನು ನಾವು ಬಿಡುವುದು ಜೀವದಯೆಗಾಗಿ. ಆ ಕಾರಣವು ಯಾವ ಪರೀಕ್ಷೆಯಿಂದಲೂ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ. ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದೂ ಸ್ತ್ರೀಯರದನ್ನು 28 ತುತ್ತುಗಳೆಂದೂ ಆಗಮದಲ್ಲಿ ಎಣಿಸಿರುವರು. ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದವನೂ ಅವಮೌದರ್ಯದ ತಪಸ್ವಿಯೇ. ನಿತ್ಯವೂ ನಡೆಯಬಲ್ಲ, ರೋಗಿಯೂ ಆಚರಿಸಬಲ್ಲ ತಪಸ್ಸು ಇದು.

ಹಿರಿಯರ ಮಾತಿಗೂ ಉತ್ತರವನ್ನು ಹೇಳಬೇಕಷ್ಟೆ. ದೇಹಕ್ಕೆ ಏನಾದರಾಗಲಿ ಎನ್ನುವವರು ಸಮಂತಭದ್ರಾಚಾರ್ಯರ ಚರಿತ್ರೆಯನ್ನು ನೆನೆಯಬೇಕು. ಶ್ರಾವಕರಿಗೆ ಪ್ರೋಷಧೋಪವಾಸವನ್ನು ಬೋಧಿಸಿದ ಆ ಮಹಾತ್ಮರಿಗೇ ಮುನಿದೀಕ್ಷೆಯ ಕಾಲದಲ್ಲಿ ಭಸ್ಮಕ ವ್ಯಾಧಿಯು ಬಂದಿತು. ಎಷ್ಟು ಉಂಡರೂ ಉಂಡುದೆಲ್ಲ ಭಸ್ಮವಾಗಿ ಹಸಿವು ಆರದಂತಹ ರೋಗವದು. ಮುನಿಚರ್ಯೆಯಲ್ಲಿದ್ದುಕೊಂಡು ಅದಕ್ಕೆ ತಕ್ಕ ಆಹಾರವು ದೊರೆಯುವಂತಿರಲಿಲ್ಲ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ, ನಿನಗೆ ಆಯುಷ್ಯವಿದೆ. ಮುನಿವೇಷವನ್ನಾದರೂ ಬಿಟ್ಟು ಉಂಡು ರೋಗವನ್ನು ನೀಗಿಕೊಂಡು ಮತ್ತೆ ದೀಕ್ಷೆಯನ್ನು ಪಡೆ ಎಂಬುದಾಗಿ ಆಜ್ಞಾಪಿಸಿದರು. ಕಥಾಕೋಶಗಳೂ ದೇವಚಂದ್ರನ ರಾಜಾವಳೀ ಕಥೆಯೂ ಮುಂದಿನ ವೃತ್ತಾಂತವನ್ನು ವಿಸ್ತರಿಸಿವೆ. ಆಚಾರ್ಯರು ವೇಷವನ್ನು ಬದಲಿಸಿ, ರಾಜನೊಬ್ಬನ ದೇವಾಲಯದಲ್ಲಿ ದಿನವೂ ಅರ್ಪಿಸುತ್ತಿದ್ದ ರಾಶಿ ರಾಶಿ ನೈವೇದ್ಯವನ್ನು ಉಂಡರು. ದಿನ ಕಳೆದಂತೆ ರೋಗವು ಶಮನವಾಗಿ ನೈವೇದ್ಯವು ಉಳಿಯತೊಡಗಿತು. ಉಳಿದುದರಿಂದಲೇ ಗುಟ್ಟು ಬಯಲಾಯಿತು. ಆಗ ಅವರು ಸ್ವಯಂಭೂಸ್ತೋತ್ರದಿಂದ ಜಿನರನ್ನು ಸ್ತುತಿಸಲಾಗಿ ಚಂದ್ರಪ್ರಭ ಸ್ವಾಮಿಯ ಬಿಂಬವು ಪ್ರಕಟವಾಯಿತು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯೂ ಭಸ್ಮಕವನ್ನು ಗೆದ್ದವರೆಂದು ಅವರನ್ನು ಕೊಂಡಾಡಿದೆ.

ಇದರ ತಾತ್ಪರ್ಯವನ್ನು ಆಲೋಚಿಸಿರಿ. ಗುರುವು ಅಂದು ಉಪವಾಸಕ್ಕೆ ಅಪ್ಪಣೆಯನ್ನಿತ್ತಿದ್ದರೆ ನಮಗೆ ರತ್ನಕರಂಡಕವೂ ಇಲ್ಲ, ಸ್ವಯಂಭೂಸ್ತೋತ್ರವೂ ಇಲ್ಲ. ಅಂದು ಉಣ್ಣುವುದೇ ಗುರುವಿನ ಆಜ್ಞೆಯಾಗಿತ್ತು. ಆಜ್ಞೆಯನ್ನು ಪಾಲಿಸುವುದೇ ತಪಸ್ಸಾಗಿತ್ತು. ಅದೇ ಆಚಾರ್ಯರು ಸಲ್ಲೇಖನದ ಸಂದರ್ಭವನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದವಾಗಿದ್ದಾಗ ಮಾತ್ರವೆಂದು ಮಿತಿ ಹಾಕಿದರು. ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರು ದೃಷ್ಟಿಯು ಕುಂದಿ, ಜೀವದಯೆಯನ್ನು ನೋಡಿ ನಡೆಯಲಾಗದಂತಾದಾಗ, 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನವನ್ನು ಸ್ವೀಕರಿಸಿದರು. ಸಲ್ಲೇಖನವನ್ನು ಅಪರಾಧವೆಂದ ರಾಜಸ್ಥಾನ ಉಚ್ಚ ನ್ಯಾಯಾಲಯದ 2015ರ ಆಗಸ್ಟ್ ತಿಂಗಳ ತೀರ್ಪಿಗೆ ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನು ನೀಡಿದುದನ್ನು ಎಲ್ಲರೂ ಬಲ್ಲರು. ಆ ಮಹಾವ್ರತಕ್ಕೂ, ಮಾತ್ರೆಯಿಂದ ಹತೋಟಿಯಲ್ಲಿಡಬಹುದಾದ ಮಧುಮೇಹವಿರುವ ಗೃಹಿಣಿಯ ಪರ್ವದ ಉಪವಾಸಕ್ಕೂ ಏನು ಸಂಬಂಧ? ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡಿಕೊಳ್ಳುವುದೇ ಧರ್ಮ. ನಮ್ಮ ಆಚಾರ್ಯರು ವೈದ್ಯವನ್ನು ಹಗುರವಾಗಿ ಕಾಣಲಿಲ್ಲ. ಉಗ್ರಾದಿತ್ಯಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ, ಮದ್ಯ ಮಾಂಸ ಮಧುಗಳ ಸಂಪರ್ಕವಿಲ್ಲದ ಔಷಧಗಳನ್ನು ಹೇಳುವ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು.

ಇನ್ನು ಆಚರಣೆಯ ವಿಷಯ. ಪರ್ವಕ್ಕೆ ಮೊದಲು ಪ್ರತಿಯೊಂದು ಮನೆಯಲ್ಲಿಯೂ ವಿಚಾರಿಸಿ ನಿಶ್ಚಯಿಸಬೇಕಾದ ಕೆಲವು ಅಂಶಗಳನ್ನು ನಿವೇದಿಸುತ್ತೇನೆ.

ಮೊದಲನೆಯದು, ಯಾರು ಪೂರ್ಣ ಉಪವಾಸವನ್ನು ಮಾಡಬಾರದು ಎಂಬುದು. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೈಯಲ್ಲಿ ಮಾಂಸವಿಲ್ಲದ ಕೃಶರು, ಮೂತ್ರಪಿಂಡದ ರೋಗವುಳ್ಳವರು, ಹೊಟ್ಟೆಯ ಹುಣ್ಣಿನವರು ಏಕಭುಕ್ತವನ್ನೋ, ಅದೂ ಸಾಧ್ಯವಿಲ್ಲದಿದ್ದರೆ ಒಂದು ರಸದ ತ್ಯಾಗವನ್ನೋ ವೈದ್ಯರನ್ನು ಕೇಳಿ ಸ್ವೀಕರಿಸುವುದು ಲೇಸು. ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು, ರಕ್ತದೊತ್ತಡದ ಮಾತ್ರೆಯವರು, ಮೂರ್ಛೆರೋಗದ ಮಾತ್ರೆಯವರು ಪರ್ವಕ್ಕೆ ಕೆಲವು ವಾರಗಳ ಮುಂಚೆಯೇ ವೈದ್ಯರ ಬಳಿಗೆ ಹೋಗಿ, “ನಮ್ಮ ವ್ರತ ಹೀಗಿದೆ, ಏನು ಮಾಡಬೇಕು?” ಎಂದು ಕೇಳಬೇಕು. ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸುವುದು ವೈದ್ಯರಿಗೆ ಸೇರಿದ ಕೆಲಸ. ತಾವಾಗಿಯೇ ನಿಲ್ಲಿಸುವುದೂ ಅಪಾಯ, ಖಾಲಿ ಹೊಟ್ಟೆಯಲ್ಲಿ ಎಂದಿನಂತೆ ನುಂಗುವುದೂ ಅಪಾಯ. ಸಿದ್ಧರಬೆಟ್ಟದ ಮೂಲಿಕೆಯೆಂದು ಯಾರೋ ಕೊಟ್ಟುದನ್ನು ಉಪವಾಸದಲ್ಲಿ ಸೇವಿಸುವುದು ಇನ್ನೂ ಅಪಾಯ. ಇಂದು ವೈದ್ಯರ ಮೇಲ್ವಿಚಾರಣೆಯಲ್ಲಿ ಉಪವಾಸ ಚಿಕಿತ್ಸೆಯನ್ನು ಪಡೆಯಬೇಕೆನ್ನುವವರಿಗೆ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಶಾಂತಿವನ, ನೆಲಮಂಗಲದ ಬಳಿಯ ಕ್ಷೇಮವನ ಮೊದಲಾದ ಪ್ರಕೃತಿ ಚಿಕಿತ್ಸಾಲಯಗಳುಂಟು. ಚಿಕಿತ್ಸೆಯನ್ನು ಅಲ್ಲಿ ಪಡೆಯಿರಿ. ವ್ರತವನ್ನು ಬಸದಿಯಲ್ಲಿ ಪಡೆಯಿರಿ.

ಎರಡನೆಯದು, ಅಪಾಯದ ಲಕ್ಷಣಗಳನ್ನು ಅರಿತಿರುವುದು. ತಣ್ಣನೆಯ ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ತಡವರಿಸುವ ಮಾತು ಇವು ರಕ್ತದ ಸಕ್ಕರೆ ಕುಸಿದುದರ ಗುರುತುಗಳು. ಎಚ್ಚರವಿದ್ದರೆ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಸಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಸರಿಹೋದರೂ ಆ ದಿನದ ಉಪವಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೆಲವು ಮಾತ್ರೆಗಳ ಪ್ರಭಾವದಿಂದ ಸಕ್ಕರೆಯು ಮತ್ತೆ ಇಳಿಯುವುದುಂಟು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಮೂರನೆಯದು, ನೀರು. ನಿರ್ಜಲವಾದ ಉತ್ತಮ ಪ್ರೋಷಧವನ್ನು ಆರೋಗ್ಯವಂತರು ಮಾತ್ರ, ಬಿಸಿಲಿನ ದುಡಿಮೆಯಿಂದ ದೂರವಿದ್ದು ಆಚರಿಸಬಹುದು. ಫಾಲ್ಗುಣದ ಅಷ್ಟಾಹ್ನಿಕದಲ್ಲಿ ಪಾವಗಡದ ಬಿಸಿಲಿಗೆ ಹೊಲದಲ್ಲಿ ನಿಂತು ನಿರ್ಜಲ ಮಾಡುವುದು ಸಾಹಸವಾದೀತೇ ಹೊರತು ತಪಸ್ಸಾಗದು. ಮಧ್ಯಮ ಪ್ರೋಷಧದಲ್ಲಿ ಗಾಳಿಸಿ ಕಾಯಿಸಿದ ನೀರನ್ನು ಕುಡಿಯುವುದು ವಾಡಿಕೆ. ಗಾಳಿಸುವುದು ಜೀವದಯೆ, ಕಾಯಿಸುವುದರಿಂದ ರೋಗಾಣುಗಳ ಭಯವೂ ಇಲ್ಲ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗಳು ಬಾಗಿ ಕೀಲುಗಳು ಬಿಗಿಯುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ಆದುದರಿಂದ ಊರಿನ ಶುದ್ಧನೀರಿನ ಘಟಕದ ನೀರನ್ನೋ ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರನ್ನೋ ತಂದು, ಅದನ್ನು ಗಾಳಿಸಿ ಕಾಯಿಸಿಕೊಳ್ಳುವುದು ಉಚಿತ. ಇದು ಪರ್ವದ ದಿನಕ್ಕೆ ಮಾತ್ರವಲ್ಲ, ವರ್ಷವೆಲ್ಲಕ್ಕೂ ಸಲ್ಲುವ ಮಾತು.

ನಾಲ್ಕನೆಯದು, ಪಾರಣೆ. ಒಂದು ದಿನದ ಉಪವಾಸಕ್ಕೆ ಲಘುವಾದ ಏಕಭುಕ್ತವು ಸಾಕು. ಅಂದೇ ಕಾಯಿಸಿದ ರಾಗಿಯ ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತನೆಯ ಅನ್ನ, ಎಳನೀರು ಇವು ಯೋಗ್ಯ. ಕರಿದ ಭಕ್ಷ್ಯ, ಕಡಲೆಬೇಳೆಯ ಹೂರಣ, ಗಟ್ಟಿ ಪಾಯಸ ಇವನ್ನು ಉದ್ಯಾಪನೆಯ ಪಂಕ್ತಿಯಲ್ಲಿ ಬಡಿಸಿದರೂ ಉಪವಾಸಿಗಳು ಆ ದಿನ ಮುಟ್ಟದಿರುವುದು ಕ್ಷೇಮ. ಐದು ದಿನಗಳಿಗೂ ಮೀರಿ ಹೆಚ್ಚುಕಡಿಮೆ ನಿರಾಹಾರವಾಗಿದ್ದವರಿಗಂತೂ ಪಾರಣೆಯೇ ಉಪವಾಸಕ್ಕಿಂತ ಕಠಿಣವಾದ ಘಟ್ಟ. ಬರಿದಾದ ದೇಹಕ್ಕೆ ಒಮ್ಮೆಲೇ ಹೆಚ್ಚು ಅನ್ನವು ಬಿದ್ದರೆ ರಕ್ತದಲ್ಲಿಯ ಫಾಸ್ಫೇಟ್, ಪೊಟ್ಯಾಸಿಯಂ ಮೊದಲಾದ ಲವಣಗಳು ಹಠಾತ್ತಾಗಿ ಕುಸಿದು ಹೃದಯಕ್ಕೆ ಅಪಾಯವೊದಗುತ್ತದೆ. ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ, ಶಿಬಿರಗಳಲ್ಲಿ ಹಸಿದು ಬದುಕಿದ್ದ ಸೆರೆಯಾಳುಗಳಲ್ಲಿ ಕೆಲವರು ಬಿಡುಗಡೆಯಾಗಿ ಹೊಟ್ಟೆ ತುಂಬ ಉಂಡ ಮೇಲೆ ಸತ್ತುದು ಇದೇ ಕಾರಣದಿಂದ. ಆದುದರಿಂದ ದಶಲಕ್ಷಣದ ಹತ್ತು ದಿನಗಳೂ ಉಪವಾಸವಿರಲು ಸಂಕಲ್ಪಿಸಿದವರ ಪಾರಣೆಯು ವೈದ್ಯರ ಎದುರಿನಲ್ಲಿ, ರಕ್ತಪರೀಕ್ಷೆಯೊಡನೆ, ಕೆಲವೇ ತುತ್ತುಗಳಿಂದ ಆರಂಭವಾಗಲಿ.

ಐದನೆಯದು, ಸಂಕಲ್ಪ. ಯಾವಜ್ಜೀವ ಹಿಡಿಯುವುದು ಯಮ, ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ರೋಗಿಗಳು ಗುರುಗಳ ಅಥವಾ ಪಂಡಿತರ ಮುಂದೆ ತಮ್ಮ ರೋಗವನ್ನೂ ಔಷಧವನ್ನೂ ಮುಚ್ಚಿಡದೆ ನಿವೇದಿಸಿ, ಶಕ್ತಿಗೆ ತಕ್ಕ ನಿಯಮವನ್ನು ಬೇಡಿ ಪಡೆಯಬೇಕು. ರೋಗವನ್ನು ಮುಚ್ಚಿಟ್ಟು ವ್ರತವನ್ನು ಬೇಡುವುದರಲ್ಲಿ ಮಾಯೆಯೆಂಬ ಶಲ್ಯವು ಸೇರಿಕೊಳ್ಳುತ್ತದೆ.

ಈಗ ಅತ್ತಿಗೆಯವರ ಪ್ರಶ್ನೆಗೆ ಉತ್ತರ. ವ್ರತದಲ್ಲಿ ಅತಿಚಾರವೆಂಬುದು ಬೇರೆ, ಅನಾಚಾರವೆಂಬುದು ಬೇರೆ. ಮನಸ್ಸು ವ್ರತದಲ್ಲಿಯೇ ನಿಂತಿದ್ದು ಹೊರಗಿನ ಕಾರಣದಿಂದ ಲೋಪ ಬಂದರೆ ಅದು ಅತಿಚಾರ. ಆಸೆಯಿಂದ ವ್ರತವನ್ನೇ ತೊರೆದರೆ ಅನಾಚಾರ. ಎಚ್ಚರ ತಪ್ಪುವ ಸ್ಥಿತಿಯಲ್ಲಿ ಬೇರೆಯವರು ಕುಡಿಸಿದ ಸಕ್ಕರೆಯ ನೀರಿನಲ್ಲಿ ಅವರ ಜಿಹ್ವಾಚಾಪಲ್ಯವಿರಲಿಲ್ಲ. ಹಾಗೂ ಮನಸ್ಸಿಗೆ ಶಂಕೆ ಉಳಿದರೆ ಅದಕ್ಕೂ ಮಾರ್ಗವುಂಟು. ಅಂತರಂಗತಪಗಳು ಆರು, ಅವುಗಳಲ್ಲಿ ಮೊದಲನೆಯದೇ ಪ್ರಾಯಶ್ಚಿತ್ತ. ಅವರು ಪಂಡಿತರ ಮುಂದೆ ನಿವೇದಿಸಿಕೊಂಡು, ಅವರು ವಿಧಿಸಿದ ಪಂಚನಮಸ್ಕಾರ ಜಪವನ್ನು ಮಾಡಿ, ಮರುವರ್ಷ ವೈದ್ಯರ ಸಲಹೆಯಂತೆ ಏಕಭುಕ್ತದಿಂದ ಅದೇ ನೋಂಪಿಯನ್ನು ನೋಂತು ಉದ್ಯಾಪನೆಯನ್ನು ನೆರವೇರಿಸಿದರು. ಅತ್ತಿಗೆಯವರ ನೋಂಪಿಯು ಕೆಡಲಿಲ್ಲ.

ಕೆಟ್ಟುದು ನಮ್ಮದು. ಅಂತರಂಗತಪಗಳಲ್ಲಿ ಮೂರನೆಯದು ವೈಯಾವೃತ್ತ್ಯ, ಅಂದರೆ ರೋಗಿಗಳ, ವ್ರತಿಗಳ ಸೇವೆ. ಮನೆಯ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ ತಾವು ಉಪವಾಸವಿರುವಾಗ, ಅವರಿಗೆ ಯಾವ ಮಾತ್ರೆಯುಂಟು, ಅವರು ಏನನ್ನು ನುಂಗಿದರು, ಮುಖವೇಕೆ ಬಾಡಿತು ಎಂದು ಕೇಳದೆ ಪೂಜೆಯಲ್ಲಿ ಕುಳಿತಿದ್ದ ನಾವು ವೈಯಾವೃತ್ತ್ಯದಲ್ಲಿ ಭ್ರಷ್ಟರಾದೆವು. ಆ ಪ್ರಮಾದಕ್ಕೆ ಪ್ರಾಯಶ್ಚಿತ್ತವು ಆಗಬೇಕಾದುದು ನಮಗೆ.

ಆದುದರಿಂದ, ಧರ್ಮಬಂಧುಗಳೇ, ಮುಂದಿನ ಭಾದ್ರಪದದಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ನೋಂಪಿಯ ಸಂಕಲ್ಪ ಮಾಡಿದಾಗ, ಫಲಪುಷ್ಪಗಳನ್ನು ಅಣಿಮಾಡುವುದಕ್ಕೆ ಮೊದಲು ಅವರ ಬಳಿ ಕುಳಿತು ವಿಚಾರಿಸಿರಿ. ಶಕ್ತಿಯುಳ್ಳವರನ್ನು ಉತ್ತಮಕ್ಕೆ ಹುರಿದುಂಬಿಸಿರಿ. ಇಲ್ಲದವರಿಗೆ ಏಕಭುಕ್ತವನ್ನು ಬಡಿಸಿ, ಅದೂ ನೋಂಪಿಯೇ ಎಂದು ಕೈಮುಗಿಯಿರಿ. ಉಣ್ಣದವನ ತಪಸ್ಸೂ, ಮಿತವಾಗಿ ಉಂಡವನ ತಪಸ್ಸೂ, ಉಪವಾಸಿಯ ಪಕ್ಕದಲ್ಲಿ ಎಚ್ಚರವಾಗಿ ಕುಳಿತವನ ತಪಸ್ಸೂ ಕರ್ಮನಿರ್ಜರೆಯ ಒಂದೇ ದಾರಿಯಲ್ಲಿ ಸಾಗುತ್ತವೆ.

ಸರ್ವರಿಗೂ ಆರೋಗ್ಯವೂ ಧರ್ಮವೃದ್ಧಿಯೂ ಆಗಲಿ.